ಕಿಟ್ ಪೆಟ್ಟಿಗೆಗೆ ದುಡ್ಡು ಸಿಗುತ್ತದೆ, ಮಂಗಳವಾರ–ಶುಕ್ರವಾರಕ್ಕೆ ಯಾರು ಕೊಡುತ್ತಾರೆ?

ಪ್ರಶ್ನೆ: ನಮ್ಮದು ಅಂಕೋಲಾ ತಾಲ್ಲೂಕಿನ ಕಡಲ ಬದಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಮಗಳು ನಾಲ್ಕನೇ ತರಗತಿ. 3ರಿಂದ 5ನೇ ತರಗತಿಯ 18 ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ರೋಬೋಟಿಕ್ಸ್ ಕ್ಲಬ್ ನಡೆಸಬೇಕೆಂಬ ಆಸೆ ನಮಗೆ. ಕಿಟ್ ಮಾರುವವರೊಬ್ಬರು 1,85,000 ರೂಪಾಯಿಯ ದರಪಟ್ಟಿ ಕೊಟ್ಟಿದ್ದಾರೆ. ಶಾಲೆಗಳಲ್ಲಿ ತಂತ್ರಜ್ಞಾನ ಪ್ರಯೋಗಾಲಯಕ್ಕೆ ಕೇಂದ್ರ ಕೊಡುವ ಅಟಲ್ ಲ್ಯಾಬ್ ಅನುದಾನಕ್ಕೆ ಬರೆಯೋಣ ಎಂದು ಮುಖ್ಯ ಶಿಕ್ಷಕರು ಹೇಳುತ್ತಾರೆ. ಮಕ್ಕಳಿಂದಲೇ ತಿಂಗಳಿಗೆ ನೂರು ರೂಪಾಯಿ ತೆಗೆದುಕೊಳ್ಳೋಣ ಎಂದು ಕೆಲವರ ಮಾತು. ದುಬೈ, ಅಮೆರಿಕದಲ್ಲಿರುವ ಊರಿನವರನ್ನೂ ಕೇಳಬಹುದೇ? ದಾರಿ ತೋರಿಸಿ.

ಉತ್ತರ: ತಾಯಿ, ಮೊದಲು ಆ ದರಪಟ್ಟಿಯನ್ನು ಮಡಚಿ ಬದಿಗಿಡಿ. ಹಣ ಎಲ್ಲಿಂದ ಎಂದು ಕೇಳುವ ಮೊದಲು ಯಾವುದಕ್ಕೆ ಎಂದು ಕೇಳಿಕೊಳ್ಳಬೇಕು.

ಕರಾವಳಿಯ ಒಂದು ಶಾಲೆಯಲ್ಲಿ ನಾನೇ ಓಡಾಡಿ ದಾನಿಯೊಬ್ಬರಿಂದ ಒಳ್ಳೆಯ ಕಿಟ್‌ಗಳನ್ನು ಕೊಡಿಸಿದ್ದೆ. ಉದ್ಘಾಟನೆ ಆಯಿತು, ಫೋಟೊ ಬಂತು. ಕಲಿಸಲು ಬರುತ್ತಿದ್ದ ಹುಡುಗನಿಗೆ ಬಸ್ ಖರ್ಚು ಕೊಡುವವರು ಯಾರೆಂದು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ಮೂರನೇ ತಿಂಗಳಿಗೆ ಅವನು ಬರುವುದು ನಿಂತಿತು. ಎರಡು ಮಳೆಗಾಲ ಕಳೆದು ಕಪಾಟು ತೆಗೆದಾಗ ಬ್ಯಾಟರಿ ಸೋರಿ ಹಸಿರುಗಟ್ಟಿತ್ತು, ಉಪ್ಪುಗಾಳಿಗೆ ತಂತಿಯ ತುದಿಗಳೆಲ್ಲ ಕಪ್ಪಾಗಿದ್ದವು. ಆ ಮಕ್ಕಳ ಮುಖ ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ವಸ್ತು ಕೊಡಲು ಜನ ಮುಂದೆ ಬರುತ್ತಾರೆ. ವಾರದಿಂದ ವಾರಕ್ಕೆ ನಡೆಸುವ ಖರ್ಚಿಗೆ ಬರುವುದಿಲ್ಲ. ನೀವು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಆ ಖರ್ಚನ್ನೇ.

ನಿಮ್ಮ 18 ಮಕ್ಕಳಿಗೆ ನಾನು ಲೆಕ್ಕ ಹಾಕುವುದು ಹೀಗೆ. ಮೂವರಿಗೊಂದು ಗುಂಪು, ಒಟ್ಟು ಆರು ಗುಂಪು. ಈ ವಯಸ್ಸಿಗೆ ಮೈಕ್ರೋಬಿಟ್ ಎಂಬ ಪುಟ್ಟ ಫಲಕ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ 25 ಎಲ್‌ಇಡಿ ದೀಪ, ಎರಡು ಗುಂಡಿ, ಅಲುಗಾಟ ಗುರುತಿಸುವ ಸಂವೇದಕ ಇವೆ. ಬಣ್ಣದ ಇಟ್ಟಿಗೆ ಜೋಡಿಸಿದಂತೆ ಪ್ರೋಗ್ರಾಂ ಬರೆಯಬಹುದು, ಆ ತಂತ್ರಾಂಶ ಉಚಿತ. ಫಲಕವೊಂದಕ್ಕೆ ಎರಡು ಸಾವಿರದ ಆಸುಪಾಸು ಹಿಡಿದರೆ ಆರಕ್ಕೆ 12,000. ಸಣ್ಣ ಮೋಟಾರು, ತಂತಿ, ಗಾಲಿ, ಅಂಟು, ರಟ್ಟಿಗೆ 6,000. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಎಎ ಸೆಲ್‌ಗಳು ಮತ್ತು ಚಾರ್ಜರಿಗೆ 3,500. ಗುಂಡಿಯಾಕಾರದ ಪುಟ್ಟ ಸೆಲ್‌ಗಳನ್ನು ಮಾತ್ರ ಶಾಲೆಯೊಳಗೆ ತರಲೇಬೇಡಿ, ಮಗು ನುಂಗಿದರೆ ಜೀವಕ್ಕೇ ಅಪಾಯ. ಗಾಳಿಯಾಡದ ಡಬ್ಬಿ ಮತ್ತು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿಗೆ 1,500. ನಮ್ಮ ಸಮುದ್ರದ ಗಾಳಿಗೆ ಇದು ಬೇಕೇ ಬೇಕು. ಒಟ್ಟು 23,000. ಲ್ಯಾಪ್‌ಟಾಪ್ ಹೊಸದು ಬೇಡ, ಕಚೇರಿಗಳು ಬದಲಾಯಿಸುವ ಹಳೆಯವು ಮೂರು ಸಿಕ್ಕರೆ ಸಾಕು.

ಇನ್ನು ನಡೆಸುವ ಖರ್ಚು. ವಾರಕ್ಕೆ ಎರಡರಂತೆ 32 ವಾರಕ್ಕೆ 64 ತರಗತಿ. ಕಲಿಸುವವರಿಗೆ ದಿನಕ್ಕೆ 300ರಂತೆ 19,200. ಮಗುವಿಗೆ ಹತ್ತು ರೂಪಾಯಿಯ ಅವಲಕ್ಕಿಯೋ ಬಾಳೆಹಣ್ಣೋ ಎಂದರೆ 11,520. ಇದನ್ನು ಕಡಿತ ಮಾಡಬೇಡಿ, ನಾಲ್ಕೂವರೆ ಗಂಟೆಗೆ ಹಸಿದ ಮಗುವಿಗೆ ಮೋಟಾರು ಕಾಣುವುದಿಲ್ಲ. ಕೆಟ್ಟದ್ದು, ಕಳೆದದ್ದಕ್ಕೆ 4,000. ಎಲ್ಲ ಸೇರಿ 34,720. ನೋಡಿದಿರಲ್ಲ, ನಡೆಸುವ ಖರ್ಚು ಸಾಮಾನಿಗಿಂತ ಹೆಚ್ಚು, ಅದೂ ಪ್ರತಿ ವರ್ಷ.

ಈ 34,720ನ್ನು ದೂರದವರ ಹತ್ತಿರ ಕೇಳಬೇಡಿ, ಊರಿನಲ್ಲೇ ಎತ್ತಿ. ಯಕ್ಷಗಾನದ ಆಟ ಆಡಿಸಲು, ಜಾತ್ರೆ ನಡೆಸಲು ವಂತಿಗೆ ಎತ್ತಿ ಅಭ್ಯಾಸವಿರುವ ಊರುಗಳು ನಮ್ಮವು. ‘ಒಂದು ದಿನದ ತರಗತಿ ನನ್ನದು’ ಎಂದು ಕೇಳಿ. ಕಲಿಸುವವರ ಗೌರವಧನ, ಮಕ್ಕಳ ತಿಂಡಿ, ರಿಪೇರಿ ಸೇರಿ ದಿನಕ್ಕೆ ಸುಮಾರು 550 ರೂಪಾಯಿ. 64 ದಿನ, 64 ಮನೆ ಅಥವಾ ಅಂಗಡಿ. ತಂದೆಯ ತಿಥಿಗೋ ಮಗಳ ಹುಟ್ಟುಹಬ್ಬಕ್ಕೋ ಒಂದು ದಿನ ವಹಿಸಿಕೊಳ್ಳುವವರು ಖಂಡಿತ ಸಿಗುತ್ತಾರೆ. ಕೇಳುವ ಹೊತ್ತು ಮಾತ್ರ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆಗ ಮೀನುಗಾರರ ಮನೆಗೆ ಪಟ್ಟಿ ಹಿಡಿದು ಹೋಗಬಾರದು. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಮೀನುಗಾರರ ಸಹಕಾರಿ ಸಂಘಗಳ ಸರ್ವಸಾಧಾರಣ ಸಭೆ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ಆಗಸ್ಟ್ ಮೊದಲ ವಾರದಲ್ಲೇ ಅಧ್ಯಕ್ಷರನ್ನು ಕಂಡು ಅರ್ಜಿ ಕೊಡಿ. ಸಭೆಯ ಮರುದಿನ ಹೋದರೆ ಮುಂದಿನ ವರ್ಷದ ಮಾತಾಗುತ್ತದೆ.

ಸಾಮಾನಿನ 23,000ಕ್ಕೆ ಹೊರಗಿನವರನ್ನು ಕೇಳಬಹುದು. ರೋಟರಿ, ಲಯನ್ಸ್ ಕ್ಲಬ್‌ಗಳಿಗೆ ಇಷ್ಟು ಮೊತ್ತ ದೊಡ್ಡದಲ್ಲ. ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ, ಇನ್ನೊಂದು ದಾರಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಕಲಮು ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ, ಬಿಣಗಾದ ರಾಸಾಯನಿಕ ಕಾರ್ಖಾನೆ, ದಾಂಡೇಲಿಯ ಕಾಗದ ಕಾರ್ಖಾನೆ ಇವೆ. ಮುಂದಿನ ವರ್ಷದ ಯೋಜನೆ ಏಪ್ರಿಲ್‌ಗೆ ಮುಂಚೆಯೇ ರೂಪುಗೊಳ್ಳುವುದರಿಂದ ಡಿಸೆಂಬರ್ ಹೊತ್ತಿಗೆ ಪತ್ರ ಅಲ್ಲಿರಲಿ. ಕಂಪನಿಯ ಪರವಾಗಿ ಕೆಲಸ ಮಾಡುವ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು ಎಂಬ ನಿಯಮ 2021ರ ಏಪ್ರಿಲ್‌ನಿಂದ ಇದೆ. ಆ ರಗಳೆ ನಿಮಗೆ ಬೇಡ, ಹಣದ ಬದಲು ಸಾಮಾನನ್ನೇ ಕೊಳ್ಳಿಸಿ ಶಾಲೆಗೆ ಒಪ್ಪಿಸಿ ಎಂದು ಬರೆಯಿರಿ. ಕೇಂದ್ರದ ವಿದ್ಯಾಂಜಲಿ ಪೋರ್ಟಲ್‌ನಲ್ಲಿ ಮುಖ್ಯ ಶಿಕ್ಷಕರು ಶಾಲೆಯ ಬೇಡಿಕೆಯನ್ನು ಹಾಕಬಹುದು. ಹಳೆಯ ಲ್ಯಾಪ್‌ಟಾಪ್ ಕೇಳಲು ಅದು ಒಳ್ಳೆಯ ಜಾಗ.

ಅಟಲ್ ಲ್ಯಾಬ್ ವಿಷಯದಲ್ಲಿ ಮುಖ್ಯ ಶಿಕ್ಷಕರ ಉತ್ಸಾಹಕ್ಕೆ ತಣ್ಣೀರು ಎರಚಲು ಮನಸ್ಸಿಲ್ಲ. ಆದರೆ 20 ಲಕ್ಷದ ಆ ಯೋಜನೆ 6ರಿಂದ 12ನೇ ತರಗತಿಯವರಿಗೆ ರೂಪಿಸಿದ್ದು, ನಿಮ್ಮ ಪುಟಾಣಿಗಳಿಗೆ ಅಲ್ಲ. ಹತ್ತಿರದ ಪ್ರೌಢಶಾಲೆಯಲ್ಲಿ ಅಂಥ ಲ್ಯಾಬ್ ಇದ್ದರೆ ತಿಂಗಳಿಗೊಂದು ಶನಿವಾರ ಮಕ್ಕಳನ್ನು ಕರೆದೊಯ್ಯಲು ಕೇಳಿ. ಮಕ್ಕಳ ಹೊಸ ವಿಜ್ಞಾನ ಆಲೋಚನೆಗಳಿಗೆ ಕೇಂದ್ರ ಕೊಡುವ ಇನ್‌ಸ್ಪೈರ್ ಮಾನಕ್‌ನ 10,000 ರೂಪಾಯಿ ಪ್ರಶಸ್ತಿಯೂ 6ನೇ ತರಗತಿಯಿಂದಲೇ ಶುರು. ಈಗ 5ನೇ ತರಗತಿಯಲ್ಲಿರುವವರ ಹೆಸರನ್ನು ಮುಂದಿನ ವರ್ಷ ಅದಕ್ಕೆ ಕಳಿಸಬಹುದು.

ಕಲಿಸುವವರು ಯಾರು? ಕಾರವಾರ ತಾಲ್ಲೂಕಿನ ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, ಭಟ್ಕಳದಲ್ಲಿ ಅಂಜುಮನ್ ಕಾಲೇಜು ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿಗೆ ಮುನ್ನ ಸಮಾಜಸೇವೆಯ 100 ಚಟುವಟಿಕೆ ಅಂಕ ಗಳಿಸಬೇಕು. ಪ್ರಾಂಶುಪಾಲರಿಗೆ ಶಾಲೆಯಿಂದ ಪತ್ರ ಹೋದರೆ ನಿಮ್ಮ ಕ್ಲಬ್ ಅವರಿಗೂ ಉಪಕಾರ. ಆದರೂ ಬಸ್ ಖರ್ಚು, ಗೌರವಧನ ತಪ್ಪಿಸಬೇಡಿ. ತರಗತಿ ನಡೆಯುವಾಗ ಶಾಲೆಯ ಶಿಕ್ಷಕಿಯೋ ತಾಯಿಯೊಬ್ಬರೋ ಅಲ್ಲೇ ಕುಳಿತಿರಬೇಕು. ಇದರಲ್ಲಿ ಸಡಿಲ ಬೇಡ.

ಮಕ್ಕಳಿಂದ ನೂರು ರೂಪಾಯಿ ತೆಗೆದುಕೊಳ್ಳುವ ಮಾತಿಗೆ ನನ್ನದು ಖಡಾಖಂಡಿತ ಬೇಡ. ದರ ಇಟ್ಟ ದಿನ ಮೊದಲು ಹಿಂದೆ ಸರಿಯುವುದು ಕೂಲಿಗೆ ಹೋಗುವವರ ಮನೆಯ ಹೆಣ್ಣುಮಗು. ಮನೆಯಲ್ಲಿ ಇಬ್ಬರಿದ್ದರೆ ನೂರು ರೂಪಾಯಿ ತಮ್ಮನ ಪಾಲಿಗೆ ಹೋಗುತ್ತದೆ. ಸರ್ಕಾರಿ ಶಾಲೆಯ ಬಾಗಿಲೊಳಗೆ ಆ ಅಂತರ ಬರಬಾರದು.

ಪರವೂರಿನವರ ವಿಚಾರದಲ್ಲಿ ಪಾಸ್‌ಪೋರ್ಟ್ ನೋಡಬೇಕು. ದುಬೈಯಲ್ಲಿದ್ದು ಭಾರತದ ಪಾಸ್‌ಪೋರ್ಟೇ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡು ಇದ್ದರೂ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಪ್ರಕಾರ ವಿದೇಶಿ ಮೂಲ. ಅವರ ಹಣವನ್ನು ಸಮಿತಿಯ ಖಾತೆಗೆ ಹಾಕಿಸಿಕೊಳ್ಳಬೇಡಿ. ಊರಿಗೆ ಬಂದಾಗ ಒಂದು ಸಂಜೆ ಮಕ್ಕಳ ಜೊತೆ ಕೂರಲು ಹೇಳಿ, ಅದಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ.

ಬಂದ ಪ್ರತಿ ರೂಪಾಯಿಗೂ ರಸೀದಿ ಕೊಟ್ಟು ಎಸ್‌ಡಿಎಂಸಿ ಸಭೆಯ ಠರಾವಿನಲ್ಲಿ ಬರೆಸಿ, ಸಾಮಾನನ್ನು ದಾಸ್ತಾನು ವಹಿಗೆ ಏರಿಸಿ. ಕ್ಷೇತ್ರ ಶಿಕ್ಷಣಾಧಿಕಾರಿಯವರ ಅನುಮತಿ ಪತ್ರವೂ ಕಡತದಲ್ಲಿರಲಿ. ಸಾಮಾನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಹಳೆಯ ಹಲ್ಲುಜ್ಜುವ ಬ್ರಶ್ಶಿನ ತಲೆ, ಕೆಟ್ಟ ಮೊಬೈಲಿನಿಂದ ಬಿಚ್ಚಿದ ಕಂಪನದ ಮೋಟಾರು, ಎರಡು ತಂತಿ, ಒಂದೂವರೆ ವೋಲ್ಟಿನ ಒಂದು ಎಎ ಸೆಲ್ಲು (ಗುಂಡಿಯಾಕಾರದ್ದಲ್ಲ), ಇಷ್ಟಿದ್ದರೆ ಮೇಜಿನ ಮೇಲೆ ಓಡುವ ಪುಟ್ಟ ಯಂತ್ರ ಆಗುತ್ತದೆ. ಬರುವ ಮಂಗಳವಾರವೇ ಅದನ್ನು ಮಾಡಿಸಿ. ವಂತಿಗೆ ಕೇಳಲು ಹೋಗುವಾಗ ನಿಮ್ಮ ಮಗಳ ಕೈಯಲ್ಲಿ ಅದು ಇರಲಿ.