ಕಠಿಣ ಪದಗಳ ಪಟ್ಟಿಯನ್ನು ಬದಿಗಿಡಿ

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಸಂದರ್ಶನ ಹತ್ತಿರ ಬಂದಿದೆ, ದಿನಕ್ಕೆ ಇಪ್ಪತ್ತು ಕಠಿಣ ಇಂಗ್ಲಿಷ್ ಪದ ಕಲಿಯಲು ಒಳ್ಳೆಯ ಪಟ್ಟಿ ಯಾವುದು ಎಂದು ಕೇಳಿದ್ದೀರಿ. ಅಂಥದ್ದೊಂದು ಪಟ್ಟಿ ನನ್ನ ಬಳಿಯೂ ಇತ್ತು.

ನಾನು ಹೊಸದುರ್ಗದ ಕಡೆಯವನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ, ಪಿಯುಸಿಯಲ್ಲಿ ಒಮ್ಮೆಲೇ ಎಲ್ಲವೂ ಇಂಗ್ಲಿಷ್. ಕೃಷಿ ಪದವಿಗೆ ಸೇರಿದಾಗ ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಯೊಬ್ಬರು ಒಂದು ಜೆರಾಕ್ಸ್ ಪ್ರತಿ ಕೊಟ್ಟರು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಒಂದೇ ಒಂದು ಕನ್ನಡ ಅರ್ಥ. ಊಟದ ಸಾಲಿನಲ್ಲಿ ನಿಂತಾಗಲೂ ಅದನ್ನು ಬಾಯಿಪಾಠ ಮಾಡುತ್ತಿದ್ದೆ. ಎಡಗಡೆಯದನ್ನು ಯಾರಾದರೂ ಹೇಳಿದರೆ ಬಲಗಡೆಯದು ತಟ್ಟನೆ ಬಾಯಿಗೆ ಬರುತ್ತಿತ್ತು.

ಅದರಲ್ಲಿ ‘ಆಸ್ಟೆನ್ಸಿಬಲ್’ ಎಂಬ ಪದವಿತ್ತು. ಎದುರಿಗೆ ‘ಮೇಲ್ನೋಟಕ್ಕೆ ಕಾಣುವ’ ಎಂದಿತ್ತು. ಆ ಅರ್ಥ ತಪ್ಪಲ್ಲ. ಆದರೆ ಕನ್ನಡದಲ್ಲಿ ಒಂದು ಸಂಗತಿ ಮೇಲ್ನೋಟಕ್ಕೇ ಕಾಣುತ್ತದೆ ಎಂದರೆ ಅದು ಅಷ್ಟು ಸ್ಪಷ್ಟವಾಗಿದೆ, ಯಾರೂ ಅಲ್ಲಗಳೆಯಲಾರರು ಎಂದಾಗಬಹುದು. ಹೊರಗೆ ಮಾತ್ರ ಹಾಗೆ, ಒಳಗೆ ಬೇರೆಯೇ ಇರಬಹುದು ಎಂದೂ ಆಗಬಹುದು. ನಾನು ಮೊದಲನೆಯದನ್ನು ಹಿಡಿದುಕೊಂಡೆ. ಇಂಗ್ಲಿಷ್ ಪದದಲ್ಲಿ ಇರುವುದು ಎರಡನೆಯದು. ಹೇಳಿದ್ದೊಂದು, ನಿಜ ಇನ್ನೊಂದಿರಬಹುದು ಎಂಬ ಶಂಕೆ ಅದರೊಳಗೇ ಕೂತಿದೆ.

ದಾಳಿಂಬೆ ತೋಟದಲ್ಲಿ ಹನಿ ನೀರಾವರಿಯ ಜೊತೆಗೆ ಬುಡಕ್ಕೆ ಹುಲ್ಲಿನ ಹೊದಿಕೆ ಹಾಕಿದರೆ ಎಷ್ಟು ನೀರು ಉಳಿಯುತ್ತದೆ ಎಂಬುದು ನನ್ನ ಅಂತಿಮ ವರ್ಷದ ಅಧ್ಯಯನ. ಬೇಸಿಗೆಯಿಡೀ ಬಿಸಿಲಲ್ಲಿ ನಿಂತು ಮಣ್ಣಿನ ತೇವಾಂಶ ಅಳೆದಿದ್ದೆ. ಫಲಿತಾಂಶ ಚೆನ್ನಾಗಿತ್ತು. ಅದನ್ನೇ ನೆಚ್ಚಿಕೊಂಡು ಸಂಶೋಧನಾ ಸಹಾಯಕ ಹುದ್ದೆಯೊಂದಕ್ಕೆ ಅರ್ಜಿ ಹಾಕಿ, ಹೊದಿಕೆಯು ‘ಆಸ್ಟೆನ್ಸಿಬ್ಲಿ’ ನೀರಿನ ಅಗತ್ಯವನ್ನು ತಗ್ಗಿಸಿದೆ ಎಂದು ಸಾರಾಂಶದಲ್ಲಿ ಬರೆದೆ. ‘ಕ್ಲಿಯರ್ಲಿ’ ನನಗೆ ಗೊತ್ತಿತ್ತು. ಅದು ಹೈಸ್ಕೂಲಿನವರ ಪದ ಎನಿಸಿ ಬಿಟ್ಟುಬಿಟ್ಟೆ. ಸಂದರ್ಶಕರಲ್ಲೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, ಈ ಉಳಿತಾಯವನ್ನು ‘ಆಸ್ಟೆನ್ಸಿಬಲ್’ ಎನ್ನುತ್ತೀರಾ ಎಂದು ಕೇಳಿದರು. ಹೌದು ಸರ್, ಖಂಡಿತ ಎಂದೆ. ಅವರು ಪುಟ ತಿರುಗಿಸಿದರು. ಹುದ್ದೆ ಬೇರೆಯವರಿಗೆ ಹೋಯಿತು. ನಿನ್ನ ಅಂಕಿಅಂಶಗಳನ್ನು ನೀನೇ ನಂಬುವುದಿಲ್ಲ ಎಂದು ಏಕೆ ಹೇಳಿದೆ ಎಂದು ನನ್ನ ಮಾರ್ಗದರ್ಶಕಿ ಕೇಳಿದ ಮೇಲೆಯೇ ನಾನು ಸರಿಯಾದ ನಿಘಂಟು ತೆರೆದದ್ದು.

ಇಲ್ಲಿ ತಪ್ಪು ಯಾವುದು ಎಂದು ಬಿಡಿಸಿ ಹೇಳಬೇಕು, ಏಕೆಂದರೆ ನೀವು ಅದರತ್ತಲೇ ಹೊರಟಿದ್ದೀರಿ. ಕಠಿಣ ಪದ ಬಳಸಿದ್ದು ತಪ್ಪಲ್ಲ. ಕನ್ನಡದ ಮೂಲಕ ಕಲಿತದ್ದೂ ತಪ್ಪಲ್ಲ. ಕನ್ನಡ ಬಲ್ಲವನು ಇನ್ನಾವುದರ ಮೂಲಕ ಕಲಿಯಬೇಕು? ಆ ಪದವನ್ನು ಬೇರೊಬ್ಬರ ವಾಕ್ಯದಲ್ಲಿ ಒಮ್ಮೆಯೂ ಓದದೆ ನನ್ನ ವಾಕ್ಯಕ್ಕೆ ತಂದದ್ದು ತಪ್ಪು. ಯಾರು ಅದನ್ನು ಬಳಸುತ್ತಾರೆ, ಹೊಗಳುವಾಗಲೋ ಅನುಮಾನಿಸುವಾಗಲೋ, ಅದರ ಪಕ್ಕದಲ್ಲಿ ಯಾವ ಪದಗಳು ಬರುತ್ತವೆ ಎಂಬುದೆಲ್ಲ ಪದದ ಅರ್ಥದ ಭಾಗವೇ. ಪಟ್ಟಿ ಮಾಡುವವರು ಮೊದಲು ಕತ್ತರಿಸಿ ಎಸೆಯುವುದು ಅದನ್ನೇ.

ಹಾಗಾಗಿ ಯಾವ ಪಟ್ಟಿ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಪರೂಪದ ಪದಗಳ ರಾಶಿಯೇ ಉನ್ನತ ಶಬ್ದಸಂಪತ್ತು ಎಂಬ ನಂಬಿಕೆ ಪ್ರವೇಶ ಪರೀಕ್ಷೆಗಳು ನಮಗೆ ಅಂಟಿಸಿದ್ದು. ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆ ಕೂಡ 2011ರಲ್ಲಿ ವಿರುದ್ಧಪದದ ಪ್ರಶ್ನೆಗಳನ್ನು ಕೈಬಿಟ್ಟು, ವಾಕ್ಯದ ಸಂದರ್ಭದಲ್ಲಿ ಪದವನ್ನು ಅಳೆಯುವ ಕಡೆಗೆ ಹೊರಳಿತು. ನಿಮ್ಮನ್ನು ನಿಜವಾಗಿ ಎಡವಿಸುವುದು ಗೊತ್ತಿರುವ ಪದಗಳ ಗೊತ್ತಿರದ ಅರ್ಥಗಳು. ಬ್ಯಾಂಕಿನಲ್ಲಿ ಸಾಲ ‘ಸ್ಯಾಂಕ್ಷನ್’ ಆಯಿತು ಎಂದರೆ ನಮ್ಮೂರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಇರಾನಿನ ಸುದ್ದಿಯಲ್ಲಿ ಅದೇ ಪದ ನಿರ್ಬಂಧವಾಗುತ್ತದೆ. ‘ಔಟ್‌ಸ್ಟ್ಯಾಂಡಿಂಗ್’ ಪ್ರಮಾಣಪತ್ರದಲ್ಲಿ ಪ್ರಶಂಸೆ, ಸಾಲದ ಲೆಕ್ಕದಲ್ಲಿ ಬಾಕಿ. ನಮ್ಮ ಕ್ಷೇತ್ರದಲ್ಲಿ ‘ಸಿಗ್ನಿಫಿಕೆಂಟ್’ ಪದವನ್ನು ದೊಡ್ಡದು ಎಂದು ಓದಿಕೊಂಡವರನ್ನು ಬಹಳ ಕಂಡಿದ್ದೇನೆ. ಸಂಖ್ಯಾಶಾಸ್ತ್ರದಲ್ಲಿ ಅದು ವ್ಯತ್ಯಾಸ ಎಷ್ಟು ದೊಡ್ಡದು ಎಂದು ಹೇಳುವುದಿಲ್ಲ, ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ ಇಂಥ ಫಲಿತಾಂಶ ಕೇವಲ ಆಕಸ್ಮಿಕವಾಗಿ ಬರುವ ಸಂಭವ ಕಡಿಮೆ ಎಂದಷ್ಟೇ ಹೇಳುತ್ತದೆ.

ಪಟ್ಟಿ ಬೇಕೇ ಬೇಕು ಎನ್ನುವುದಾದರೆ ನ್ಯೂಜಿಲೆಂಡಿನ ಭಾಷಾ ಸಂಶೋಧಕಿ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿ ನೋಡಿ. ಅದರಲ್ಲಿರುವುದು 570 ಪದಕುಟುಂಬಗಳು, ಅಂದರೆ ಒಂದೇ ಮೂಲದಿಂದ ಬಂದ ಪದಗಳ ಗುಂಪುಗಳು, ಆದರೆ ಪಠ್ಯಪುಸ್ತಕ ಮತ್ತು ಸಂಶೋಧನಾ ಲೇಖನಗಳಲ್ಲಿ ಬರುವ ಪದಗಳಲ್ಲಿ ಸುಮಾರು ಶೇ 10ರಷ್ಟು ಇವೇ. ‘ಅಸ್ಯೂಮ್’, ‘ಡಿರೈವ್’ ಇಂಥ ಸಾಧಾರಣ ಮುಖದ ಪದಗಳು.

ನನಗೆ ನಿಜವಾಗಿ ಕೈಹಿಡಿದದ್ದು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಲಾಂಗ್‌ಮನ್ ನಿಘಂಟು ಸುಮಾರು 2000 ಸರಳ ಪದಗಳಲ್ಲಿಯೇ ಉಳಿದ ಪದಗಳನ್ನು ವಿವರಿಸುತ್ತದೆ. 1987ರಲ್ಲಿ ಬಂದ ಕಾಲಿನ್ಸ್ ಕೋಬಿಲ್ಡ್ ಅರ್ಥವನ್ನೇ ಪೂರ್ಣ ವಾಕ್ಯದಲ್ಲಿ ಹೇಳುತ್ತದೆ, ಉದಾಹರಣೆಗಳನ್ನು ಜನರು ನಿಜವಾಗಿ ಬಳಸಿದ ಭಾಷೆಯಿಂದ ಆಯ್ದುಕೊಳ್ಳುತ್ತದೆ. ಮೊಬೈಲಿನಲ್ಲಿ ಉಚಿತವಾಗಿಯೇ ಇಂಥವನ್ನು ನೋಡಬಹುದು. ಮೊದಲು ಕನ್ನಡದ ಅರ್ಥ ತಿಳಿದುಕೊಳ್ಳಿ, ಆಮೇಲೆ ಉದಾಹರಣೆಗಳನ್ನು ಓದಿ. ನೆನಪಿಟ್ಟುಕೊಳ್ಳಲು ಚೀಟಿಯಂಥ ಕಾರ್ಡು ಮಾಡಿಕೊಳ್ಳುವುದಾದರೆ ಪದವನ್ನಲ್ಲ, ಓದುವಾಗ ಅದು ಸಿಕ್ಕ ವಾಕ್ಯವನ್ನು ಬರೆಯಿರಿ. ಓದನ್ನೂ ಎಲ್ಲೆಲ್ಲೋ ಚೆಲ್ಲಬೇಡಿ. ನಿಮ್ಮ ವಿಷಯದ ಲೇಖನಗಳನ್ನೇ ಹಿಡಿದು ಓದಿದರೆ ಅವೇ ಪದಗಳು ಬೇರೆ ಬೇರೆ ವಾಕ್ಯಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

ಇನ್ನು ಸಂದರ್ಶನ. ಅದು ಮುಗಿಯುವವರೆಗೆ ಹೊಸ ಪದ ಕಲಿಯುವುದನ್ನೇ ನಿಲ್ಲಿಸಿ ಎನ್ನುತ್ತೇನೆ. ನಿಮ್ಮ ಅರ್ಜಿಯನ್ನೂ ಯೋಜನಾ ವರದಿಯನ್ನೂ ಇಂದೇ ತೆಗೆದು, ದೊಡ್ಡದೆಂದು ಹಾಕಿದ ಪ್ರತಿ ಪದವನ್ನು ನಿಘಂಟಿನ ಉದಾಹರಣೆಗಳ ಜೊತೆ ಹೋಲಿಸಿ ನೋಡಿ. ನಿಮ್ಮ ವಾಕ್ಯದಂಥ ಒಂದು ವಾಕ್ಯವೂ ಅಲ್ಲಿ ಕಾಣದಿದ್ದರೆ ಆ ಪದವನ್ನು ತೆಗೆದು, ನಿಮಗೆ ಚೆನ್ನಾಗಿ ಗೊತ್ತಿರುವ ಸರಳ ಪದವನ್ನು ಹಾಕಿ.