ಬಳ್ಳಾರಿ ಜಾಲಿ ಮುಳ್ಳಿನ ದಾರಿಯಲ್ಲಿ ಟೈರಿಗೆ ಲಿಕ್ವಿಡ್ ಹಾಕಿಸಬೇಕಾ?

ಪಂಚರ್ ಆದ ತೂತನ್ನು ತಾನೇ ಮುಚ್ಚುವ ಲಿಕ್ವಿಡ್ ಅನ್ನು ಟೈರಿನೊಳಗೆ ಹಾಕಿಸಬೇಕಾ ಅಂತ ಕೇಳಿದ್ದೀರಿ. ಹಾಕಿಸಿ ಮೇಡಂ. ನಿಮ್ಮದು ಟ್ಯೂಬ್‌ಲೆಸ್ ಸ್ಕೂಟರ್, ಬಳ್ಳಾರಿಯಿಂದ ಕುರುಗೋಡು ಕಡೆಯ ಶಾಲೆಗೆ ದಿನಾ ಹೋಗಿ ಬರುತ್ತೀರಿ, ಒಂದೇ ತಿಂಗಳಲ್ಲಿ ಎರಡು ಸಲ ಪಂಚರ್ ಆಗಿದೆ, ಎರಡೂ ಸಲ ಮುಳ್ಳು ಅಂತ ಬರೆದಿದ್ದೀರಿ. ಇಷ್ಟು ಕಾರಣ ಸಾಕು. ಆದರೆ ನಿಮ್ಮ ಪಂಚರ್ ಅಂಗಡಿಯವರು "ಅದನ್ನ ಹಾಕಿದ್ರೆ ಟೈರ್ ಹಾಳಾಗುತ್ತೆ" ಅಂದಿದ್ದಾರಲ್ಲ, ಆ ಮಾತನ್ನೂ ಸುಮ್ನೆ ತಳ್ಳಿಹಾಕಬೇಡಿ. ಅದರಲ್ಲಿ ಅರ್ಧ ನಿಜ ಇದೆ.

ನಾನು ಕುಷ್ಟಗಿಯವನು. ಹೊಲಗಳಿಗೆ ಡ್ರಿಪ್ ಜೋಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ದಾಳಿಂಬೆ ತೋಟಗಳೇ ಜಾಸ್ತಿ. ಬೈಕಿನ ಹಿಂದೆ ಪೈಪಿನ ಸುರುಳಿ, ಟ್ಯಾಂಕಿನ ಮೇಲೆ ಟೂಲ್ ಬ್ಯಾಗ್. ಡಾಂಬರು ರಸ್ತೆಗಿಂತ ಬಂಡಿ ಜಾಡು, ಹೊಲದ ಬದುವಿನ ಮೇಲೇ ಹೆಚ್ಚು ಓಡಾಟ. ಆರು ವರ್ಷದಿಂದ ಎರಡೂ ಟೈರಿಗೆ ಲಿಕ್ವಿಡ್ ಹಾಕಿಕೊಂಡೇ ಓಡಿಸುತ್ತಿದ್ದೇನೆ. ಅದರಿಂದ ಲಾಭವೂ ಆಗಿದೆ, ಒಂದು ಸಲ ಪೆಟ್ಟೂ ತಿಂದಿದ್ದೇನೆ.

ನನಗೆ ಆಗುವ ಪಂಚರಿನಲ್ಲಿ ಮುಕ್ಕಾಲು ಪಾಲು ಜಾಲಿ ಮುಳ್ಳಿನದ್ದೇ. ನಿಮ್ಮ ಊರಿನ ಹೆಸರನ್ನೇ ಹೊತ್ತಿರುವ ಬಳ್ಳಾರಿ ಜಾಲಿ. ಮೂಲ ಅಮೆರಿಕ ಖಂಡದ್ದು, 19ನೇ ಶತಮಾನದಲ್ಲಿ ಬ್ರಿಟಿಷರ ಕಾಲಕ್ಕೆ ನಮ್ಮ ದೇಶಕ್ಕೆ ಬಂತು. ಈಗ ಬಳ್ಳಾರಿ, ಕೊಪ್ಪಳ, ರಾಯಚೂರು ಎಲ್ಲಿ ನೋಡಿದರೂ ಹಳ್ಳದ ದಂಡೆ, ರಸ್ತೆಯ ಅಂಚು ಅದೇ. ಮುಂಗಾರಿಗೆ ಮುಂಚೆ ರೈತರು ಬದುವಿನ ಕಂಟಿ ಕಡಿಯುತ್ತಾರೆ. ಬೇಲಿಗೆ, ಒಲೆಗೆ, ಇದ್ದಿಲಿಗೆ ಅಂತ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುತ್ತಾರೆ. ದಾರಿಯುದ್ದಕ್ಕೂ ಕೊಂಬೆ ಚೂರು ಉದುರುತ್ತದೆ. ಹಸಿ ಮುಳ್ಳಿಗಿಂತ ಒಣಗಿದ ಮುಳ್ಳು ಕೆಟ್ಟದ್ದು. ಟೈರ್ ಹತ್ತಿದ ಕೂಡಲೇ ಒಳಗೆ ಇಳಿದು ಬುಡದಲ್ಲಿ ಮುರಿಯುತ್ತದೆ. ಹೊರಗಿನಿಂದ ನೋಡಿದರೆ ರಬ್ಬರಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಂದು ಚುಕ್ಕೆ. ಗಾಳಿ ಒಮ್ಮೆಲೇ ಹೋಗುವುದಿಲ್ಲ. ರಾತ್ರಿಯೆಲ್ಲಾ ಇಳಿದು, ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಟೈರ್ ನೆಲ ಕಚ್ಚಿರುತ್ತದೆ. ನಿಮಗೆ ಆಗಿದ್ದೂ ಹೀಗೇ ಅಲ್ವಾ?

ಇಂಥ ಸಣ್ಣ, ನೇರ ತೂತಿಗೆ ಲಿಕ್ವಿಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಗ್ಲೈಕಾಲ್ ಎಂಬ ರಾಸಾಯನಿಕ ಬೆರೆತ ಮಂದ ದ್ರವ. ಒಳಗೆ ಸಣ್ಣ ನಾರು, ರಬ್ಬರ್ ಪುಡಿ ಇರುತ್ತದೆ. ಚಕ್ರ ತಿರುಗುವ ರಭಸಕ್ಕೆ ಅದು ಟೈರಿನ ಒಳಮೈಗೆ, ನೆಲಕ್ಕೆ ತಾಗುವ ಭಾಗದ ಹಿಂದೆ, ತೆಳ್ಳಗೆ ಬಳಿದ ಹಾಗೆ ಹರಡುತ್ತದೆ. ತೂತು ಬಿದ್ದರೆ ಒಳಗಿನ ಗಾಳಿಯೇ ಅದನ್ನು ತೂತಿಗೆ ನೂಕುತ್ತದೆ. ದ್ರವ ಸ್ವಲ್ಪ ಹೊರಗೆ ಬರುತ್ತದೆ, ನಾರು ಒಂದಕ್ಕೊಂದು ಸಿಕ್ಕಿಕೊಂಡು ಅಲ್ಲೇ ಕಟ್ಟಿಕೊಳ್ಳುತ್ತದೆ. ಕಾಲುವೆಯ ತೂಬಿಗೆ ಕಸಕಡ್ಡಿ ಬಂದು ನಿಂತು ನೀರು ಬಂದ್ ಆಗುವುದನ್ನು ನೀವು ನೋಡಿರುತ್ತೀರಿ. ಅದೇ ಲೆಕ್ಕ.

ಹೋದ ಜೂನ್‌ನಲ್ಲಿ ತಾವರಗೇರಾ ಕಡೆ ಒಂದು ತೋಟಕ್ಕೆ ಹೋಗಿದ್ದೆ. ಕೆಲಸ ಮುಗಿಸಿ ಬಂದು ನೋಡಿದರೆ ಹಿಂದಿನ ಟೈರಿನ ಮೇಲೆ ಮೂರು ಕಡೆ ಹಸಿರು ಒದ್ದೆ ಚುಕ್ಕೆ. ಒರೆಸಿದರೆ ಬೆರಳಿಗೆ ಲೋಳೆಸರದ ಹಾಗೆ ಅಂಟಿಕೊಂಡಿತು. ಎರಡು ಚುಕ್ಕೆಯ ಒಳಗೆ ಮುಳ್ಳಿನ ಬುಡ ಕಾಣಲೇ ಇಲ್ಲ. ಮೂರನೆಯದನ್ನು ಇಕ್ಕಳದಲ್ಲಿ ಹಿಡಿದು ಎಳೆದೆ. ಒಂದು ಇಂಚಿನ ಮುಳ್ಳು ಬಂತು. 'ಸ್ಸ್' ಅಂತ ಹಸಿರು ಗುಳ್ಳೆ ಎದ್ದಿತು. ತಕ್ಷಣ ಚಕ್ರ ತಿರುಗಿಸಿ ಆ ತೂತು ಕೆಳಗೆ ಬರುವ ಹಾಗೆ ನಿಲ್ಲಿಸಿದೆ. ನಿಂತ ಗಾಡಿಯಲ್ಲಿ ದ್ರವ ಕೆಳಗೇ ಇರುತ್ತದಲ್ಲ, ಅದಕ್ಕೆ. ಒಂದು ನಿಮಿಷದಲ್ಲಿ ಗುಳ್ಳೆ ನಿಂತಿತು. ಕುಷ್ಟಗಿಗೆ ಬಂದು ಗಾಳಿ ನೋಡಿಸಿದರೆ 32 ಪಾಯಿಂಟ್ (ಪಿಎಸ್‌ಐ) ಇದ್ದದ್ದು 29 ಆಗಿತ್ತು. ತುಂಬಿಸಿದೆ, ಮರುದಿನವೂ ಇಳಿದಿರಲಿಲ್ಲ. ಆ ತೋಟದಿಂದ ಹತ್ತಿರದ ಪಂಚರ್ ಅಂಗಡಿಗೆ ಬೈಕ್ ತಳ್ಳಿಕೊಂಡು ಬರಬೇಕಿದ್ದರೆ ಆ ಬಿಸಿಲಿನಲ್ಲಿ ನನ್ನ ಗತಿ ಏನಾಗುತ್ತಿತ್ತು ಅಂತ ಈಗಲೂ ಅನಿಸುತ್ತದೆ. ನಿಮ್ಮ ದಾರಿಯಲ್ಲೂ ಊರು ದಾಟಿದ ಮೇಲೆ ಬರೀ ಹೊಲವೇ ಇದೆ ಅಂತ ಬರೆದಿದ್ದೀರಿ. ಅದಕ್ಕೇ ಮೊದಲ ಮಾತಿನಲ್ಲೇ ಹಾಕಿಸಿ ಅಂದದ್ದು.

ಈಗ ಪೆಟ್ಟು ತಿಂದ ಕಥೆ. ಲಿಕ್ವಿಡ್ ಮುಳ್ಳಿಗೆ ಸರಿ, ಮೊಳೆಗೆ ತಾತ್ಕಾಲಿಕ. ಇದು ಗೊತ್ತಿಲ್ಲದೆ ಮೋಸ ಹೋದೆ. ವಾರಕ್ಕೊಮ್ಮೆ ಹಿಂದಿನ ಟೈರಿನ ಗಾಳಿ ಐದಾರು ಪಾಯಿಂಟ್ ಇಳಿಯುತ್ತಿತ್ತು. ಲಿಕ್ವಿಡ್ ಇದೆಯಲ್ಲ ಅಂತ ಗಾಳಿ ಹೊಡೆಸಿಕೊಂಡು ಓಡಿಸುತ್ತಲೇ ಇದ್ದೆ, ಹೆಚ್ಚು ಕಡಿಮೆ ಒಂದು ತಿಂಗಳು. ಒಂದು ಮಧ್ಯಾಹ್ನ ಇಳಕಲ್ ಕಡೆ ಹೈವೇಯಲ್ಲಿ ಹೋಗುವಾಗ ಹಿಂಬದಿ ತೂಗಾಡತೊಡಗಿತು. ನಿಧಾನಕ್ಕೆ ಅಂಚಿಗೆ ತಂದು ನಿಲ್ಲಿಸಿದೆ. ಟೈರ್ ಬಿಚ್ಚಿಸಿದಾಗ ಗೊತ್ತಾಯಿತು: ಒಂದು ಸ್ಕ್ರೂ ಅಂಚಿನ ಹತ್ತಿರ ಓರೆಯಾಗಿ ಹೊಕ್ಕಿತ್ತು. ಅದರ ತುದಿ ಟೈರಿನ ಗೋಡೆಯ, ಅಂದರೆ ಪಕ್ಕದ ಭಾಗದ, ಕಡೆ ಗೀರಿಕೊಂಡು ಹೋಗಿತ್ತು. ಗಾಳಿ ಕಡಿಮೆ ಇದ್ದಾಗ ಓಡಿಸಿದ್ದಕ್ಕೆ ಗೋಡೆ ಬಿಸಿಯಾಗಿ, ಒಳಗೆ ರಬ್ಬರ್ ಸುಕ್ಕುಗಟ್ಟಿ ಪುಡಿ ಉದುರುತ್ತಿತ್ತು. ಟೈರ್ ಬಿಸಾಡಬೇಕಾಯಿತು. ಲಿಕ್ವಿಡ್ ಇಲ್ಲದಿದ್ದರೆ ಅದು ಮೊದಲ ದಿನವೇ ಪಂಚರ್ ಆಗುತ್ತಿತ್ತು, ನಾನು ಅಂದೇ ನೋಡುತ್ತಿದ್ದೆ. ಲಿಕ್ವಿಡ್ ಆ ಗಾಯವನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟಿತ್ತು.

ಆವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಟೈರ್ ತಣ್ಣಗಿರುವಾಗ ಗಾಳಿ ನೋಡುತ್ತೇನೆ. ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ ಸುತ್ತಲೂ ಕಣ್ಣಾಡಿಸುತ್ತೇನೆ. ಮುಳ್ಳಿನ ಚುಕ್ಕೆ ಇದ್ದು ಗಾಳಿ ಸರಿ ಇದ್ದರೆ ಬಿಟ್ಟುಬಿಡುತ್ತೇನೆ. ಮೊಳೆ, ಸ್ಕ್ರೂ, ಗಾಜು ಕಂಡರೆ ಅಂಗಡಿಗೆ ಹೋಗಿ ಸ್ಟ್ರಿಪ್ (ತೂತಿಗೆ ತುರುಕುವ ಅಂಟಿನ ರಬ್ಬರ್ ಎಳೆ) ಹಾಕಿಸುತ್ತೇನೆ. ಎರಡು ವಾರ ಸತತವಾಗಿ ಗಾಳಿ ಇಳಿದರೆ ಟೈರ್ ಬಿಚ್ಚಿಸಿಯೇ ನೋಡುತ್ತೇನೆ. ಟೈರಿನ ಗೋಡೆಗೆ ತೂತು ಬಿದ್ದರೆ ಲಿಕ್ವಿಡ್ ಆಗಲಿ ಸ್ಟ್ರಿಪ್ ಆಗಲಿ ಯಾವುದನ್ನೂ ನಂಬಬೇಡಿ. ಅಲ್ಲಿ ದ್ರವ ಹರಡಿರುವುದಿಲ್ಲ, ಮೇಲಾಗಿ ಆ ಭಾಗ ಪ್ರತಿ ಸುತ್ತಿಗೂ ಬಾಗಿ ಬಾಗಿ ಕಟ್ಟಿಕೊಂಡದ್ದೂ ಬಿಚ್ಚಿಹೋಗುತ್ತದೆ. ಬಾಟಲಿಗಳ ಮೇಲೆ ಸಾಮಾನ್ಯವಾಗಿ 4ರಿಂದ 6 ಮಿ.ಮೀ. ತನಕದ ತೂತು ಮುಚ್ಚುತ್ತದೆ ಅಂತ ಇರುತ್ತದೆ. ಅದು ನೆಲಕ್ಕೆ ತಾಗುವ ಭಾಗದ ಲೆಕ್ಕ ಮಾತ್ರ.

ಪಂಚರ್ ಅಂಗಡಿಯವರ ಸಿಟ್ಟಿಗೆ ಕಾರಣ ಇದೆ. ಲಿಕ್ವಿಡ್ ಇರುವ ಟೈರಿಗೆ ಸ್ಟ್ರಿಪ್ ತುರುಕುವಾಗ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಒಳಗಿನಿಂದ ಪ್ಯಾಚ್ ಹಾಕಬೇಕಾದರೆ ಮೊದಲು ತೊಳೆದು ಒಣಗಿಸಬೇಕು. ಕೈ, ಬಟ್ಟೆ, ನೆಲ ಎಲ್ಲಾ ರಾಡಿ. ಹೆಚ್ಚಿಗೆ ದುಡ್ಡು ಕೇಳಿದರೆ ಕೊಟ್ಟುಬಿಡಿ, ಕೆಲಸ ನಿಜವಾಗಲೂ ಜಾಸ್ತಿ. ಇನ್ನು ಹಾಳಾಗುವ ಮಾತು. ಒಳ್ಳೆಯ ಲಿಕ್ವಿಡ್‌ನಲ್ಲಿ ರಿಮ್ಮಿಗೆ ತುಕ್ಕು ಹಿಡಿಯದ ಹಾಗೆ ಔಷಧಿ ಬೆರೆಸಿರುತ್ತಾರೆ, ನೀರು ಹಾಕಿ ತೊಳೆದರೆ ಹೋಗುತ್ತದೆ. ಕೆಟ್ಟದ್ದು ಹಾಗಲ್ಲ. ನಮ್ಮ ಕಡೆಯ ಒಂದು ಅಂಗಡಿಯಲ್ಲಿ ಲೇಬಲ್ ಇಲ್ಲದ ಕ್ಯಾನಿನಿಂದ ಅಗ್ಗದ ಲಿಕ್ವಿಡ್ ಸುರಿದು ಕೊಟ್ಟಿದ್ದರು. ಒಂದು ವರ್ಷ ಬಿಟ್ಟು ಬಿಚ್ಚಿದಾಗ ರಿಮ್ಮಿನ ಒಳಗೆ ಬಿಳಿ ಪುಡಿ ಎದ್ದು, ಟೈರ್ ಕೂರುವ ಅಂಚಿನಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿತ್ತು. ಕ್ಯಾನಿನದ್ದನ್ನು ಹಾಕಿಸಲೇಬೇಡಿ. ಸೀಲ್ ಇರುವ ಬಾಟಲಿ ತರಿಸಿ, ನಿಮ್ಮ ಎದುರಿಗೇ ಒಡೆಯಲಿ.

ಇನ್ನೊಂದು ಬಗೆ ಇದೆ, ಸ್ಪ್ರೇ ಡಬ್ಬಿ. ಪಂಚರ್ ಆದ ಮೇಲೆ ವಾಲ್ವಿಗೆ ಹಿಡಿದು ಒತ್ತಿದರೆ ನೊರೆಯೂ ಗಾಳಿಯೂ ಒಟ್ಟಿಗೆ ಹೋಗುತ್ತದೆ. ಅದು ಅಂಗಡಿಯ ತನಕ ತಲುಪಲು ಮಾತ್ರ. ಕೆಲವು ಡಬ್ಬಿಗಳಲ್ಲಿ ಬೆಂಕಿ ಹತ್ತುವ ಗ್ಯಾಸ್ ಇರುತ್ತದೆ. ಹಾಗಾಗಿ ಟೈರ್ ಬಿಚ್ಚುವವರಿಗೆ ಮೊದಲೇ ಹೇಳಿಬಿಡಿ, ಹತ್ತಿರ ಬೀಡಿ, ವೆಲ್ಡಿಂಗ್ ಏನೂ ಇರಬಾರದು. ಡಬ್ಬಿ ಮೇಲೆ 50 ಡಿಗ್ರಿಗಿಂತ ಹೆಚ್ಚು ಬಿಸಿ ಆಗಬಾರದು ಅಂತ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲಿಗೆ ನಿಂತ ಸ್ಕೂಟರಿನ ಡಿಕ್ಕಿ ಎಷ್ಟು ಕಾಯುತ್ತದೆ ನಿಮಗೇ ಗೊತ್ತು. ನಾನಂತೂ ಅದನ್ನು ಇಟ್ಟುಕೊಳ್ಳುವುದಿಲ್ಲ.

ಹಾಕಿಸುವಾಗ ನೀವೂ ಪಕ್ಕದಲ್ಲಿ ನಿಂತಿರಿ. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ಇರಲಿ. ಗಡಿಯಾರದ ಲೆಕ್ಕದಲ್ಲಿ ವಾಲ್ವ್ 4 ಅಥವಾ 8 ಗಂಟೆಯ ಜಾಗದಲ್ಲಿ ನಿಲ್ಲಬೇಕು. ತೀರಾ ಕೆಳಗಿದ್ದರೆ ಸುರಿದ ದ್ರವ ವಾಲ್ವಿನ ಬಾಯಲ್ಲೇ ನಿಲ್ಲುತ್ತದೆ. ವಾಲ್ವಿನ ಒಳಗಿನ ಪಿನ್ ಬಿಚ್ಚಿ, ಗಾಳಿ ಪೂರ್ತಿ ಬಿಟ್ಟು, ಬಾಟಲಿ ಚೆನ್ನಾಗಿ ಅಲ್ಲಾಡಿಸಿ ಸುರಿಯಬೇಕು. ಅಲ್ಲಾಡಿಸದಿದ್ದರೆ ನಾರೆಲ್ಲಾ ತಳದಲ್ಲಿ ಉಳಿದು ಬರೀ ನೀರು ಹೋಗುತ್ತದೆ. ಸ್ಕೂಟರಿನ ಒಂದು ಟೈರಿಗೆ ಸುಮಾರು 200ರಿಂದ 250 ಮಿ.ಲೀ. ಸಾಕು, ಬಾಟಲಿ ಮೇಲೆ ಟೈರಿನ ಅಳತೆಗೆ ತಕ್ಕ ಲೆಕ್ಕ ಇದ್ದರೆ ಅದನ್ನೇ ನೋಡಿ. ಜಾಸ್ತಿ ಸುರಿದರೆ ಚಕ್ರ ಅದುರುತ್ತದೆ. ಪಿನ್ ಹಾಕುವ ಮುಂಚೆ ಒಂದು ಸಲ ಗಾಳಿ ಊದಿಸಿ, ವಾಲ್ವಿನಲ್ಲಿ ನಿಂತದ್ದು ಒಳಗೆ ಹೋಗಲಿ. ಗಾಳಿ ತುಂಬಿಸಿದ ಕೂಡಲೇ ನಾಲ್ಕೈದು ಕಿ.ಮೀ. ಓಡಿಸಿ ಬನ್ನಿ, ಆಗ ಎಲ್ಲಾ ಕಡೆ ಹರಡುತ್ತದೆ. ಮುಂದೆ ಗಾಳಿ ನೋಡುವಾಗೆಲ್ಲಾ ವಾಲ್ವ್ ಮೇಲ್ಭಾಗಕ್ಕೆ ಇರಲಿ, ಇಲ್ಲದಿದ್ದರೆ ಗೇಜಿಗೆ ಲಿಕ್ವಿಡ್ ಹೋಗಿ ಅದು ಕೆಡುತ್ತದೆ. ನಮ್ಮ ಬಿಸಿಲಿಗೆ ನನ್ನ ಟೈರಿನಲ್ಲಿ ಎರಡು ವರ್ಷಕ್ಕೆ ಅದು ಹಾಲಿನ ಕೆನೆಯ ಹಾಗೆ ಗಟ್ಟಿಯಾಗಿತ್ತು. ಆಮೇಲೆ ತೊಳೆಸಿ ಹೊಸದು ಹಾಕಿಸಿದೆ.

ನಿಮ್ಮ ಯಜಮಾನರ ಹಳೇ ಬೈಕಿಗೂ ಹಾಕಿಸಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಅದು ಟ್ಯೂಬ್ ಇರುವ ಗಾಡಿ. ನನ್ನ ಮಾವನ ಬೈಕಿಗೆ ಹಾಕಿಸಿ ನೋಡಿದ್ದೆ. ಸಣ್ಣ ಮುಳ್ಳನ್ನು ತಡೆಯಿತು. ಮೊಳೆ ಹೊಕ್ಕಾಗ ಟ್ಯೂಬ್ ಗೇಣುದ್ದ ಹರಿಯಿತು. ಟ್ಯೂಬ್ ತೆಳ್ಳಗೆ ಹಿಗ್ಗಿರುತ್ತದೆ, ತೂತು ಬಿದ್ದ ಜಾಗದಲ್ಲಿ ಎಳೆದುಕೊಂಡು ಸೀಳುತ್ತದೆ. ಅಷ್ಟು ದೊಡ್ಡ ಸೀಳನ್ನು ಯಾವ ಲಿಕ್ವಿಡ್ ಕೂಡ ಮುಚ್ಚುವುದಿಲ್ಲ. ಆ ದುಡ್ಡಿಗೆ ಒಂದು ಹೊಸ ಟ್ಯೂಬ್ ತಂದು ಮನೆಯಲ್ಲಿ ಇಟ್ಟಿರಲಿ.

ನಿಮ್ಮ ಹಿಂದಿನ ಟೈರ್ ಎಷ್ಟು ವರ್ಷದ್ದು ಅಂತ ಬರೆದಿಲ್ಲ. ಬಾಟಲಿ ಕೊಳ್ಳುವ ಮುಂಚೆ ಅದನ್ನು ನೋಡಿ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ನೆಲಕ್ಕೆ ತಾಗುವ ಭಾಗದ ಗೀರುಗಳ ಒಳಗೆ ಅಡ್ಡಕ್ಕೆ ಸಣ್ಣ ದಿಬ್ಬದಂಥ ಗುರುತು ಇರುತ್ತದೆ. ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ, ಲಿಕ್ವಿಡ್ ಕಟ್ಟಿಕೊಂಡು ನಿಲ್ಲುವಷ್ಟು ದಪ್ಪವೇ ಅಲ್ಲಿ ಉಳಿದಿಲ್ಲ. ಹಾಗಿದ್ದರೆ ಮೊದಲು ಹೊಸ ಟೈರ್ ಹಾಕಿಸಿ, ಅದೇ ದಿನ ಅದಕ್ಕೆ ಲಿಕ್ವಿಡ್ ಸುರಿಸಿ.