ಮಳೆಗಾಲದ ಕಾಳಜಿ ಕೇಂದ್ರಗಳಲ್ಲಿ ನೀರು-ನೈರ್ಮಲ್ಯ ನೋಡಿಕೊಳ್ಳುವ ಸ್ವಯಂಸೇವಕರಿಗೆ ಸಾಂಕ್ರಾಮಿಕ ರೋಗಶಾಸ್ತ್ರ ಎಷ್ಟು ಕಲಿಸಬೇಕು?

ಸಕಲೇಶಪುರ, ಮೂಡಿಗೆರೆ ಕಡೆಯ ಕೇಂದ್ರಗಳಿಗೆ ಹೋಗುವವರಿಗೆ ಎರಡು ದಿನ ಸಾಕು. ಥಿಯರಿ ಕಡಿಮೆ, ಲೆಕ್ಕ ಜಾಸ್ತಿ ಇರಲಿ.

24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ತೆಳುವಾಗಿ ಭೇದಿಯಾದರೆ ಮಾತ್ರ ‘ಭೇದಿ ಪ್ರಕರಣ’. ಈ ವ್ಯಾಖ್ಯೆ ಎಲ್ಲೆಡೆ ಒಂದೇ ಇರದಿದ್ದರೆ ಎರಡು ಕೇಂದ್ರಗಳ ಅಂಕಿ ಹೋಲಿಸಲಾಗದು. ರೋಗಿಗಳ ಪಟ್ಟಿಯಲ್ಲಿ ವಯಸ್ಸು, ಶುರುವಾದ ದಿನ, ಕುಡಿದ ನೀರಿನ ಮೂಲ ಇರಬೇಕು. ಹೆಚ್ಚಿನವರು ಎಡವುವುದು ಛೇದದಲ್ಲಿ, ಅಂದರೆ ಆ ನೀರು ಕುಡಿದವರು ಒಟ್ಟು ಎಷ್ಟು ಎಂಬಲ್ಲಿ. ಬಾವಿ ಕಡೆ 12 ರೋಗಿಗಳು, ಬೋರ್‌ವೆಲ್ ಕಡೆ 9 ಎಂದರೆ ಏನೂ ತಿಳಿಯದು. ಬಾವಿ ನೀರು ಕುಡಿದವರು 40, ಬೋರ್‌ವೆಲ್‌ನವರು 180 ಎಂದಾಗ ದರ ಶೇ 30 ಮತ್ತು ಶೇ 5. ಅನುಮಾನ ಯಾವುದರ ಮೇಲೆ ಎಂದು ಆಗ ಗೊತ್ತಾಗುತ್ತದೆ. (ಕ್ಲೋರಿನ್ ಹಾಕಲು ಈ ಲೆಕ್ಕಕ್ಕೆ ಕಾಯಬೇಡಿ.)

ಸಾವಿರ ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್ ಎಂಬುದು ಹೊಸ ಪೌಡರ್‌ನ ಲೆಕ್ಕ. ಮಲೆನಾಡಿನ ಜುಲೈ ತೇವಕ್ಕೆ ಚೀಲ ಬಿಚ್ಚಿಟ್ಟರೆ ಸತ್ವ ಹೋಗುತ್ತದೆ. ರಾಡಿ ನೀರೂ ಕ್ಲೋರಿನ್ ನುಂಗುತ್ತದೆ. ಹಾಗಾಗಿ ತೂಕಕ್ಕಿಂತ, ಅರ್ಧ ಗಂಟೆ ಬಿಟ್ಟು ಮಾಡುವ ಕ್ಲೋರೋಸ್ಕೋಪ್ (ನೀರಲ್ಲಿ ಉಳಿದ ಕ್ಲೋರಿನ್ ಅಳೆಯುವ ಸಾಧನ) ಪರೀಕ್ಷೆಯನ್ನೇ ನಂಬಿ: ನಲ್ಲಿಯಲ್ಲಿ ಲೀಟರ್‌ಗೆ 0.5 ಮಿ.ಗ್ರಾಂ ಉಳಿದಿರಬೇಕು. ಅಲ್ಲಿ ಸರಿಯಿದ್ದು ಕೊಡದಲ್ಲಿ 0.2ಕ್ಕಿಂತ ಇಳಿದಿದ್ದರೆ ಕೊಡ ಕೊಳಕಾಗಿದೆ, ಇಲ್ಲವೇ ನೀರು ತುಂಬಾ ಹೊತ್ತಿನಿಂದ ನಿಂತಿದೆ.